ಹಂಬನ್‌ತೋಟ ಬಂದರು ಸಾಲಕ್ಕೆ ಜಪ್ತಿಯಾಯಿತೇ? ಇಂಥ ಒಪ್ಪಂದ ಓದುವಾಗ ಏನು ನೋಡಬೇಕು?

ಕಡಲತಡಿ (ಪ್ರಶ್ನೆ)

ಅಂಕೋಲಾದ ಕೇಣಿಯಲ್ಲಿ ಕಟ್ಟಲಿರುವ ಬಂದರಿನ ಗಲಾಟೆ ಶುರುವಾದ ಮೇಲೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: "ಹಂಬನ್‌ತೋಟಕ್ಕೆ ಆದದ್ದೇ ಇಲ್ಲೂ ಆಗುತ್ತೆ." ಶ್ರೀಲಂಕಾ ಸಾಲ ಕಟ್ಟಲಿಲ್ಲ, ಚೀನಾ ಬಂದರು ಕಿತ್ತುಕೊಂಡಿತು ಎನ್ನುವುದಷ್ಟೇ ಎಲ್ಲರಿಗೂ ಗೊತ್ತಿರುವ ಕಥೆ. ವಿಷಯ ಬಲ್ಲವರು ಮೂರು ಸಂಗತಿ ಬಿಡಿಸಿ ಹೇಳಿ:

ಒಂದು, ಆ ಹಣದ ಲೆಕ್ಕ ನಿಜವಾಗಿ ಏನು? ಎರಡು, ಅಷ್ಟು ಆಳ ಇದೆ, ಅಂತರರಾಷ್ಟ್ರೀಯ ಹಡಗು ಮಾರ್ಗ ಪಕ್ಕದಲ್ಲೇ ಇದೆ, ಆದರೂ ಹಡಗು ಯಾಕೆ ಬರಲಿಲ್ಲ? ಮೂರು, ವಿದೇಶಿ ಹಣದಲ್ಲಿ ಆಳಸಮುದ್ರ ಬಂದರು ಕಟ್ಟುವಾಗ ಒಪ್ಪಂದದಲ್ಲಿ ಎಲ್ಲಿ ಕಣ್ಣಿಡಬೇಕು?

ರಾಜಕೀಯ ಬೇಡ, ದಯವಿಟ್ಟು.

---

ಅಸಲು‑ಬಡ್ಡಿ

ಮೊದಲನೆಯದಕ್ಕೆ ಉತ್ತರ: ಜಪ್ತಿ ಆಗಲಿಲ್ಲ. ಜಪ್ತಿ ಆಗಿದ್ದರೆ ಸಾಲ ತೀರಬೇಕಿತ್ತು. ಇಲ್ಲಿ ಬಂದರೂ ಹೋಯಿತು, ಸಾಲವೂ ಉಳಿಯಿತು.

ಇದರಲ್ಲಿ ಚೀನಾದ ಎರಡು ಬೇರೆ ಬೇರೆ ಸಂಸ್ಥೆಗಳಿವೆ. ಎರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಈ ಕಥೆ ಹುಟ್ಟಿದ್ದು. ಸಾಲ ಕೊಟ್ಟಿದ್ದು ಚೀನಾ ಎಕ್ಸಿಮ್ ಬ್ಯಾಂಕ್. ಮೊದಲ ಹಂತದ ವೆಚ್ಚ ಸುಮಾರು 361 ಮಿಲಿಯನ್ ಡಾಲರ್, ಅದರಲ್ಲಿ 307 ಮಿಲಿಯನ್ ಸಾಲ: 15 ವರ್ಷದ ಅವಧಿ, ಮೊದಲ 4 ವರ್ಷ ಅಸಲು ಕಟ್ಟಬೇಕಿಲ್ಲ, ಬಡ್ಡಿ ಶೇ. 6.3 ಸ್ಥಿರ. ಆ ಬಡ್ಡಿ ಈಗ ದುಬಾರಿ ಅನ್ನಿಸುತ್ತೆ. ಆದರೆ 2007ರಲ್ಲಿ ಲೈಬೋರ್ (ಏರಿಳಿಯುವ ಬಡ್ಡಿಗೆ ಆಧಾರವಾಗಿದ್ದ ಲಂಡನ್ ಬ್ಯಾಂಕುಗಳ ದರ) ಶೇ. 5 ದಾಟಿತ್ತು, ಏರಿಳಿಯುವ ಬಡ್ಡಿಗಿಂತ ಸ್ಥಿರ ಬಡ್ಡಿ ಕ್ಷೇಮ ಎಂದು ಲಂಕಾದವರೇ ಆರಿಸಿಕೊಂಡರು. 2008ರ ಬಿಕ್ಕಟ್ಟಿನ ನಂತರ ಲೈಬೋರ್ ನೆಲ ಕಚ್ಚಿತು, ಇವರ ಬಡ್ಡಿ ಮಾತ್ರ ಅಲ್ಲೇ ನಿಂತಿತು. ಎರಡನೇ ಹಂತದ ಸಾಲ ಬಹುಪಾಲು ಶೇ. 2ರದ್ದು.

307 ಮಿಲಿಯನ್ ಅನ್ನು 11 ವರ್ಷದ ಸಮ ಕಂತಿಗೆ ಹಂಚಿದರೆ ವರ್ಷಕ್ಕೆ ಅಸಲು ಸುಮಾರು 28 ಮಿಲಿಯನ್, ಮೊದಲ ವರ್ಷದ ಬಡ್ಡಿ ಸುಮಾರು 19 ಮಿಲಿಯನ್. ಅಂದರೆ ಬಂದರು ವರ್ಷಕ್ಕೆ 47 ಮಿಲಿಯನ್ ಡಾಲರ್ ದುಡಿಯಬೇಕು, ಅದೂ ನಿರ್ವಹಣೆಯ ಖರ್ಚು ಕಳೆದ ಮೇಲೆ. 2012ರಲ್ಲಿ ಅಲ್ಲಿಗೆ ಬಂದ ಹಡಗು 34. ಇನ್ನು ಲೆಕ್ಕ ಮುಂದುವರಿಸುವುದೇ ಬೇಡ.

ಬಂದರು ಪಡೆದದ್ದು ಇನ್ನೊಂದು ಸಂಸ್ಥೆ, ಬಂದರು ನಡೆಸುವ ಕಂಪನಿ ಚೈನಾ ಮರ್ಚೆಂಟ್ಸ್ ಪೋರ್ಟ್. 2017ರ ಜುಲೈನಲ್ಲಿ ಸಹಿ, 99 ವರ್ಷದ ಗುತ್ತಿಗೆ, 1.12 ಬಿಲಿಯನ್ ಡಾಲರ್. ಅದರಲ್ಲಿ ಸುಮಾರು 974 ಮಿಲಿಯನ್ ಮೂರು ಕಂತಿನಲ್ಲಿ (2017ರ ಡಿಸೆಂಬರ್, 2018ರ ಜನವರಿ, ಜೂನ್) ಲಂಕಾ ಬಂದರು ಪ್ರಾಧಿಕಾರಕ್ಕೆ ಬಂತು. ಉಳಿದ 146 ಮಿಲಿಯನ್ ಅಲ್ಲಿನ ಬಂದರು ಕೆಲಸಕ್ಕೆಂದೇ ಮೀಸಲಿಟ್ಟದ್ದು. ಬಂದ ಡಾಲರ್‌ನಿಂದ ಎಕ್ಸಿಮ್ ಸಾಲ ತೀರಿಸಲಿಲ್ಲ, ವಿದೇಶಿ ವಿನಿಮಯದ ಮೀಸಲು ತುಂಬಿಸಿಕೊಂಡರು. ಆಗ ನಿಜವಾಗಿ ಕುತ್ತಿಗೆಗೆ ಬಂದಿದ್ದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ್ದ ಸಾವರಿನ್ ಬಾಂಡ್‌ಗಳ (ಸರ್ಕಾರದ ಸಾಲಪತ್ರಗಳ) ಪಾವತಿ. ಬಂದರಿನ ಸಾಲ ಸರ್ಕಾರದ ಖಜಾನೆಯ ತಲೆಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಲಂಕಾ ಪಾವತಿ ನಿಲ್ಲಿಸಿದಾಗಲೂ ಎಕ್ಸಿಮ್ ಬಾಕಿ ಇತ್ತು. 2023ರ ಅಕ್ಟೋಬರ್‌ನಲ್ಲಿ ಸುಮಾರು 4.2 ಬಿಲಿಯನ್ ಡಾಲರ್ ಸಾಲದ ಮರುಹೊಂದಾಣಿಕೆಗೆ ಕೂತದ್ದು ಅದೇ ಬ್ಯಾಂಕಿನ ಜೊತೆ.

---

ಅಳಿವೆಬಾಗಿಲು

ಹಣದ ಲೆಕ್ಕ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು "ಅಷ್ಟು ಆಳ ಇದೆ" ಎಂಬ ಮಾತಿನ ಬಗ್ಗೆ ಹೇಳ್ತೇನೆ.

ಹಂಬನ್‌ತೋಟ ಕಡಲಿಗೆ ಚಾಚಿಕೊಂಡ ಬಂದರಲ್ಲ. ಕರಗನ್ ಲೇವಾಯ ಎಂಬ ಹಿನ್ನೀರಿನ ಜಾಗದಲ್ಲಿ ಕಡಲನ್ನು ಒಡ್ಡು ಹಾಕಿ ತಡೆದು, ಒಣನೆಲ ಅಗೆದು ಮಾಡಿದ ಬಂದರು. ಕೆಲಸ ಶುರುವಾದದ್ದು 2008ರ ಜನವರಿ, ನೀರು ಬಿಟ್ಟಿದ್ದು 2010ರ ಆಗಸ್ಟ್, ಉದ್ಘಾಟನೆ ಅದೇ ನವೆಂಬರ್. ಒಣನೆಲದಲ್ಲಿ ಅಗೆಯುವುದು ಅಗ್ಗ, ಅಳತೆ ಕರಾರುವಾಕ್ಕಾಗಿ ಬರುತ್ತೆ, ಬರ್ತಿನ (ಹಡಗು ನಿಲ್ಲುವ ಜಾಗದ) ಗೋಡೆಯನ್ನು ನೆಲದ ಮೇಲೆ ನಿಂತೇ ಕಟ್ಟಬಹುದು. ಎಡವಿದ್ದು ಒಡ್ಡಿನ ಆಚೆ: ಬಾಗಿಲಿನಲ್ಲೇ ಬಂಡೆ. ಉದ್ಘಾಟನೆ ಆದ ಮೇಲೆ ನೀರಿನೊಳಗೆ ಸಿಡಿಸಿ ತೆಗೆಯಬೇಕಾಯಿತು. ಅದೇ ಬಂಡೆಯನ್ನು ನೆಲದಲ್ಲಿ ಸಿಡಿಸುವುದಕ್ಕೂ ನೀರಿನಲ್ಲಿ ಸಿಡಿಸುವುದಕ್ಕೂ ಖರ್ಚು ಹಲವು ಪಟ್ಟು ವ್ಯತ್ಯಾಸ. ತೇಲುವ ವೇದಿಕೆಯ ಮೇಲಿಂದ ಕೊರೆಯಬೇಕು, ಅಲೆ ಎದ್ದ ದಿನ ಕೆಲಸವಿಲ್ಲ, ಸಿಡಿದ ಕಲ್ಲನ್ನು ಮತ್ತೆ ಎತ್ತಬೇಕು. ಹೊಸ ಬಂದರಿನ ವರದಿ ಓದುವವರು ಪ್ರವೇಶ ಕಾಲುವೆಯಲ್ಲಿ ಎಷ್ಟು ಕೊಳವೆ ಕೊರೆದು ಪರೀಕ್ಷಿಸಿದ್ದಾರೆ, ಎಷ್ಟು ಮೀಟರಿಗೊಂದು ಎಂಬ ಪುಟವನ್ನು ಮೊದಲು ತೆಗೆಯಿರಿ. ಧಕ್ಕೆಯ ಕೆಳಗೆ ಹತ್ತು ಕೊರೆದು ಕಾಲುವೆಯಲ್ಲಿ ಎರಡೇ ಕೊರೆದಿದ್ದರೆ ಆ ವೆಚ್ಚದ ಅಂದಾಜನ್ನು ನಂಬಬೇಡಿ.

ಈಗ ಆಳ. ಅತಿ ದೊಡ್ಡ ಕಂಟೇನರ್ ಹಡಗು 400 ಮೀ. ಉದ್ದ, 61 ಮೀ. ಅಗಲ, ಪೂರ್ತಿ ತುಂಬಿದರೆ ನೀರಿನೊಳಗೆ 16 ಮೀಟರಿಗೂ ಮೀರಿ ಮುಳುಗುತ್ತದೆ. ತಳದ ಕೆಳಗೆ ಬಂದರಿನೊಳಗೆ ಮುಳುಗುವ ಆಳದ ಶೇ. 10, ಅಲೆಯಿರುವ ಹೊರಗಿನ ಕಾಲುವೆಯಲ್ಲಿ ಶೇ. 15ರಿಂದ 20 ನೀರು ಉಳಿಯಬೇಕು. ಅಂದರೆ ಒಳಗೆ 17.6 ಮೀ., ಹೊರಗೆ 18.4ರಿಂದ 19.2 ಮೀ. ಹಂಬನ್‌ತೋಟದ್ದು 17. ಶೇ. 10 ಬಿಟ್ಟರೆ ಸುಮಾರು 15.4 ಮೀ. ಮುಳುಗುವ ಹಡಗಿಗೆ ಸಾಕು. ಹೆಚ್ಚಿನ ಹಡಗುಗಳಿಗೆ ಇದು ಧಾರಾಳ. "ಜಗತ್ತಿನ ಯಾವ ಹಡಗಾದರೂ ಬರಬಹುದು" ಎಂಬುದು ಕರಪತ್ರದ ಮಾತು. ಕೊಲಂಬೊದ ದಕ್ಷಿಣ ಟರ್ಮಿನಲ್ 18 ಮೀ., ಹೊಸ ಪಶ್ಚಿಮ ಟರ್ಮಿನಲ್ 20 ಮೀ.

ಆಳ ಕೊರೆಯುವುದು ಒಂದು ಸಲದ ಖರ್ಚು, ಉಳಿಸಿಕೊಳ್ಳುವುದು ಪ್ರತಿ ವರ್ಷದ್ದು. ಕೊಚ್ಚಿಯ ವಲ್ಲಾರ್‌ಪಾಡಂ ಕಂಟೇನರ್ ಟರ್ಮಿನಲ್ ನೋಡಿ. ದುಬೈನ ಡಿಪಿ ವರ್ಲ್ಡ್ ಕಂಪನಿ ಜೊತೆ 2005ರಲ್ಲಿ 30 ವರ್ಷದ ಒಪ್ಪಂದ, ಆದಾಯದಲ್ಲಿ ಬಂದರಿಗೆ ಶೇ. 33.3 ಪಾಲು. ಕಾಗದದ ಮೇಲೆ ಎಂಥಾ ಒಳ್ಳೆ ಪಾಲು! ಆದರೆ ಕಾಲುವೆಯನ್ನು 14.5 ಮೀ. ಆಳದಲ್ಲಿಡುವ ಹೊಣೆ ಬಂದರು ಟ್ರಸ್ಟಿನದು. ಹಿನ್ನೀರಿನ ಹೂಳು ನಿಲ್ಲುವುದಿಲ್ಲ, 2011ರಲ್ಲಿ ಟರ್ಮಿನಲ್ ತೆರೆದ ಮೇಲೆ ಸರಕು ಅಂದಾಜಿನಷ್ಟು ಬರಲಿಲ್ಲ, ಹೂಳೆತ್ತುವ ಬಿಲ್ ಮಾತ್ರ ವರ್ಷಕ್ಕೆ ನೂರು ಕೋಟಿ ದಾಟಿತು. ಪಾಲು ಎಷ್ಟು ಎಂದು ಕೇಳುವ ಮೊದಲು ಹೂಳು ಯಾರದ್ದು ಎಂದು ಕೇಳಬೇಕು.

ಅಲೆತಡೆಗೋಡೆಗೆ ಕಲ್ಲು ಎಲ್ಲಿಂದ ಎಂಬುದೂ ಅಷ್ಟೇ ಮುಖ್ಯ. ಕೇರಳದ ವಿಳಿಂಜಂ ಬಂದರಿನಲ್ಲಿ ಸುಮಾರು 3 ಕಿ.ಮೀ. ಗೋಡೆಗೆ ಕಲ್ಲು ಸಿಗದೆ, ನಡುವೆ 2017ರ ಒಖಿ ಚಂಡಮಾರುತ ಬಡಿದು, ವರ್ಷಗಟ್ಟಲೆ ತಡವಾಯಿತು. ಕ್ವಾರಿ ಪರವಾನಗಿ ಕೈಯಲ್ಲಿಲ್ಲದೆ ಕೆಲಸದ ಆದೇಶ ಕೊಟ್ಟರೆ ತಡವಾದಾಗ ತಪ್ಪು ಯಾರದ್ದು ಎಂಬ ಜಗಳಕ್ಕೆ ದಾರಿ ತೆರೆದ ಹಾಗೆ.

---

ಕಡಲತಡಿ

ಇಬ್ಬರಿಗೂ ಧನ್ಯವಾದ. ಹಡಗು ಮಾರ್ಗದಿಂದ ಹತ್ತೇ ನಾಟಿಕಲ್ ಮೈಲಿ ಅಂತಾರಲ್ಲ, ಮತ್ತೆ 34 ಹಡಗು ಯಾಕೆ?

---

ಫೀಡರ್ ಲೈನ್

ಮಾರಾಯ್ರೆ, ಹೆದ್ದಾರಿ ಬದಿ ಹೋಟೆಲ್ ಇಟ್ಟ ಕೂಡಲೇ ಬಸ್ ನಿಲ್ಲುವುದಿಲ್ಲ. ದೊಡ್ಡ ಕಂಟೇನರ್ ಹಡಗು ನಿಲ್ಲುವುದು ಎರಡು ಕಾರಣಕ್ಕೆ: ಆ ಊರಿಗೇ ಸರಕು ಇರಬೇಕು, ಇಲ್ಲವೇ ಇಳಿಸಿದ ಪೆಟ್ಟಿಗೆಯನ್ನು ಒಂದೆರಡು ದಿನದಲ್ಲಿ ಎತ್ತಿಕೊಂಡು ಹೋಗುವ ಸಣ್ಣ ಹಡಗುಗಳು, ಅಂದರೆ ಫೀಡರ್‌ಗಳು, ಅಲ್ಲೇ ಸಾಲಾಗಿ ಇರಬೇಕು. ಕೊಲಂಬೊದಲ್ಲಿ ಎರಡೂ ಇವೆ. ಚಿತ್ತಗಾಂಗ್, ಕೋಲ್ಕತ್ತಾ, ಚೆನ್ನೈ, ತೂತ್ತುಕುಡಿ, ಕೊಚ್ಚಿ, ಎಲ್ಲ ಕಡೆಗೂ ಫೀಡರ್. ನಮ್ಮ ನವಮಂಗಳೂರಿನಿಂದ ಹೋಗುವ ಕಾಫಿ, ಗೋಡಂಬಿ ಕೂಡ ಬಹಳಷ್ಟು ಕೊಲಂಬೊದಲ್ಲಿ ದೊಡ್ಡ ಹಡಗು ಹತ್ತುತ್ತದೆ. ಅಲ್ಲಿನ ಕಂಟೇನರ್‌ಗಳಲ್ಲಿ ಮುಕ್ಕಾಲು ಪಾಲು ಹೀಗೆ ದಾಟಿ ಹೋಗುವಂಥದ್ದು. ಹಂಬನ್‌ತೋಟದ ಹಿಂದೆ ಇದ್ದದ್ದು ಸಣ್ಣ ಊರು, ಉಪ್ಪಿನ ಗದ್ದೆ, ಕಾಡು.

ಇದು ಮೊದಲೇ ಗೊತ್ತಿರದ ವಿಷಯ ಅಲ್ಲ. 2006ರಲ್ಲಿ ಡೆನ್ಮಾರ್ಕಿನ ರಾಂಬೋಲ್ ಕೊಟ್ಟ ವರದಿಯ ತಿರುಳು: ಮೊದಲು ಕಂಟೇನರ್ ಅಲ್ಲದ ಸರಕು ಹಿಡಿಯಿರಿ, ಆದಾಯ ಬರಲಿ, ಕಂಟೇನರ್ ಆಮೇಲೆ. ಅದಕ್ಕೂ ಮುಂಚೆ ಕೆನಡಾದ ಎಸ್‌ಎನ್‌ಸಿ‑ಲಾವಲಿನ್ ಕೊಟ್ಟ ವರದಿ ಖಾಸಗಿ ಪಾಲುದಾರರನ್ನು ಸೇರಿಸಿಕೊಂಡು ಕಟ್ಟಿ ಎಂದಿತ್ತು. ಸರ್ಕಾರ ಕಟ್ಟುವುದಕ್ಕೆ ಸ್ವಂತ ತಲೆಯ ಮೇಲೆ ಸಾಲ ಹೊತ್ತಿತು, ಮೊದಲ ಹಂತ ದುಡಿಯುವ ಮುಂಚೆಯೇ 2012ರಲ್ಲಿ ಎರಡನೇ ಹಂತಕ್ಕೆ ಕೈ ಹಾಕಿತು.

ಕೊನೆಗೆ ಕೈ ಹಿಡಿದದ್ದು ವಾಹನ ಸಾಗಣೆ, ರೋ‑ರೋ. ಅದಕ್ಕೆ ದೊಡ್ಡ ಕ್ರೇನ್ ಬೇಡ, ಬೇಕಾದದ್ದು ಕಾರು ನಿಲ್ಲಿಸುವ ವಿಶಾಲ ಬಯಲು. ಕೊಲಂಬೊದಲ್ಲಿ ಇಲ್ಲದ್ದೂ ಅದೇ. ಭಾರತದಿಂದ ಹೊರಟ ಕಾರುಗಳೂ ಹಂಬನ್‌ತೋಟದಲ್ಲಿ ಹಡಗು ಬದಲಿಸುತ್ತವೆ. ಕೆಂಪು ಸಮುದ್ರದ ಹೌತಿ ದಾಳಿಯಿಂದ ಹಡಗುಗಳು ಆಫ್ರಿಕಾ ಸುತ್ತತೊಡಗಿ ಕೊಲಂಬೊ ಕಿಕ್ಕಿರಿದಾಗ, 2024ರಲ್ಲಿ ಎಂಎಸ್‌ಸಿ ಎಂಬ ಹಡಗು ಕಂಪನಿ ಅಲ್ಲಿಗೆ ಕಂಟೇನರ್ ಕೂಡ ತಂದಿತು. ರಾಂಬೋಲ್ ಹೇಳಿದ ಕ್ರಮವೇ ಆಯಿತು, ಆದರೆ ಬಡ್ಡಿ ಓಡಲು ಶುರುವಾಗಿ ಎಷ್ಟೋ ವರ್ಷದ ಮೇಲೆ.

---

ತಟರಕ್ಷಕ

ಎಲ್ಲವನ್ನೂ ಬಡ್ಡಿ, ಹೂಳು ಅಂತ ತೇಲಿಸಿಬಿಡಬೇಡಿ. 2022ರ ಆಗಸ್ಟ್ 16ರಂದು ಚೀನಾದ ಯುವಾನ್ ವಾಂಗ್ 5 ಹಂಬನ್‌ತೋಟಕ್ಕೆ ಬಂದು ನಿಂತದ್ದು ನೆನಪಿದೆಯಲ್ಲ? ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಹಡಗು. ಭಾರತ ಆಕ್ಷೇಪಿಸಿತ್ತು.

---

ಅಸಲು‑ಬಡ್ಡಿ

@ತಟರಕ್ಷಕ, ಆತಂಕ ನಿಜ, ಆದರೆ ಅನುಮತಿ ಕೊಟ್ಟಿದ್ದು ಬಂದರು ಗುತ್ತಿಗೆ ಪಡೆದ ಕಂಪನಿಯಲ್ಲ, ಲಂಕಾ ಸರ್ಕಾರ. ಮೊದಲು ಮುಂದೂಡಿ ಅಂದವರೂ ಅವರೇ, ಆಮೇಲೆ ಬನ್ನಿ ಅಂದವರೂ ಅವರೇ. ವಿದೇಶಿ ಸಂಶೋಧನಾ ಹಡಗುಗಳನ್ನು 2024ರಲ್ಲಿ ಒಂದು ವರ್ಷ ತಡೆದದ್ದೂ ಅದೇ ಸರ್ಕಾರ.

2017ರ ಒಪ್ಪಂದದಲ್ಲಿ ಕಂಪನಿಯನ್ನು ಎರಡಾಗಿ ಒಡೆದದ್ದು ಈ ಕಾರಣಕ್ಕೇ. ಬಂದರು ನಡೆಸುವ ಕಂಪನಿಯಲ್ಲಿ ಚೈನಾ ಮರ್ಚೆಂಟ್ಸ್‌ಗೆ ಶೇ. 85, ಲಂಕಾ ಬಂದರು ಪ್ರಾಧಿಕಾರಕ್ಕೆ 15. ಸಾಮಾನ್ಯ ಸೇವೆಗಳನ್ನು ನೋಡಿಕೊಳ್ಳುವ ಎರಡನೇ ಕಂಪನಿಯಲ್ಲಿ ಲಂಕಾದ ಪಾಲು ಶೇ. 50.7. ಬಂದರಿನ ಭದ್ರತೆ ಲಂಕಾ ನೌಕಾಪಡೆಯ ಕೈಯಲ್ಲಿದೆ. ನನ್ನ ಅಭಿಪ್ರಾಯ: ಕಾಗದ ಸರಿಯಾಗಿಯೇ ಇದೆ, ಆದರೆ ಡಾಲರ್ ಇಲ್ಲದ ಸರ್ಕಾರ "ಬೇಡ" ಎನ್ನಲು ಹಿಂಜರಿಯುತ್ತದೆ. ಅದಕ್ಕೆ ಯಾವ ಷರತ್ತೂ ಮದ್ದಲ್ಲ.

---

ಅಳಿವೆಬಾಗಿಲು

ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ಹಂಬನ್‌ತೋಟ, ಕೊಲಂಬೊ ಎರಡನ್ನೂ ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ದೇಶ ಅದೇ, ಚೈನಾ ಮರ್ಚೆಂಟ್ಸ್ ಅದೇ, ಶೇ. 85‑15 ಪಾಲೂ ಅದೇ. ಆದರೆ ಕೊಲಂಬೊದ ದಕ್ಷಿಣ ಟರ್ಮಿನಲ್ 35 ವರ್ಷದ ಕಟ್ಟು‑ನಡೆಸು‑ಹಿಂತಿರುಗಿಸು ಒಪ್ಪಂದ. ಸುಮಾರು 500 ಮಿಲಿಯನ್ ಡಾಲರ್ ಹಾಕಿದ್ದು, ನಷ್ಟದ ಭಯ ಹೊತ್ತದ್ದು ಕಂಪನಿ. 2013ರಲ್ಲಿ ತೆರೆಯಿತು, ಚೆನ್ನಾಗಿ ತುಂಬಿತು. ಹಂಬನ್‌ತೋಟದಲ್ಲಿ ನಷ್ಟವೆಲ್ಲ ಸರ್ಕಾರ ಉಂಡ ಮೇಲೆ ಕಂಪನಿ ಒಳಗೆ ಬಂತು. ಯಾವ ದೇಶದ ಹಣ ಎಂಬುದಕ್ಕಿಂತ, ಹಡಗು ಬಾರದಿದ್ದರೆ ಕಂತು ಕಟ್ಟುವವರು ಯಾರು ಎಂಬುದನ್ನೇ ನಾನು ಮೊದಲು ನೋಡುವುದು.

ಆಮೇಲೆ ಕನಿಷ್ಠ ಸರಕಿನ ಖಾತರಿ: ಇಷ್ಟು ಟನ್ ತರದಿದ್ದರೂ ಕಂಪನಿ ಇಷ್ಟು ಕೊಡಬೇಕು ಎಂಬ ಷರತ್ತು. ಇದಿಲ್ಲದ ಆದಾಯ ಪಾಲು ಬರೀ ಆಸೆ. ಒಪ್ಪಂದ ನಡುವೆ ಮುರಿದರೆ ಕಂಪನಿಗೆ ಕೊಡಬೇಕಾದ ಪರಿಹಾರದ ಸೂತ್ರ ಓದಿ; ಕಂಪನಿಯ ತಪ್ಪಿನಿಂದ ಮುರಿದರೂ ಅದರ ಸಾಲವನ್ನೆಲ್ಲ ಸರ್ಕಾರ ತೀರಿಸಬೇಕು ಎಂದಿದ್ದರೆ ಹಿಂಬಾಗಿಲಿಂದ ಸರ್ಕಾರದ ಗ್ಯಾರಂಟಿ ಕೊಟ್ಟಂತೆ. ಪಾಲನ್ನು ಇನ್ನೊಬ್ಬರಿಗೆ ಮಾರುವಾಗ ಸರ್ಕಾರದ ಒಪ್ಪಿಗೆ ಬೇಕೇ, ಎಷ್ಟು ವರ್ಷ ಮಾರುವಂತಿಲ್ಲ ಎಂಬುದನ್ನೂ ನೋಡಿ. ಸುಂಕ ಡಾಲರಿನಲ್ಲೋ ಸ್ಥಳೀಯ ಹಣದಲ್ಲೋ ಎಂಬುದು ಸಣ್ಣ ಸಾಲಿನಲ್ಲಿರುತ್ತದೆ. ಸಾಲ ಡಾಲರಿನಲ್ಲಿದ್ದು ಆದಾಯ ರೂಪಾಯಿಯಲ್ಲಿದ್ದರೆ ರೂಪಾಯಿ ಕುಸಿದಾಗಲೆಲ್ಲ ಕಂತು ಬೆಳೆಯುತ್ತದೆ.

ಸರ್ಕಾರ ಬದಲಾದರೆ ಏನು ಎಂಬುದಕ್ಕೂ ಕೊಲಂಬೊದಲ್ಲೇ ಪಾಠವಿದೆ. ಪೂರ್ವ ಟರ್ಮಿನಲ್‌ಗೆ 2019ರಲ್ಲಿ ಭಾರತ, ಜಪಾನ್ ಜೊತೆ ಒಡಂಬಡಿಕೆ ಆಯಿತು. ಕಾರ್ಮಿಕ ಸಂಘಗಳು ಎದ್ದು ನಿಂತವು, 2021ರ ಫೆಬ್ರವರಿಯಲ್ಲಿ ಅದು ರದ್ದು. ಬದಲಿಗೆ ಬಂದದ್ದೇ ಪಶ್ಚಿಮ ಟರ್ಮಿನಲ್: ಅದಾನಿ ಶೇ. 51, ಲಂಕಾದ ಜಾನ್ ಕೀಲ್ಸ್ ಕಂಪನಿ 34, ಬಂದರು ಪ್ರಾಧಿಕಾರ 15. ಇದಕ್ಕೆ ಅಮೆರಿಕ ಸರ್ಕಾರದ ಹಣಕಾಸು ಸಂಸ್ಥೆ ಡಿಎಫ್‌ಸಿ ಘೋಷಿಸಿದ್ದ 553 ಮಿಲಿಯನ್ ಡಾಲರ್ ಸಾಲದ ಕೋರಿಕೆಯನ್ನು 2024ರ ಡಿಸೆಂಬರ್‌ನಲ್ಲಿ ಕಂಪನಿಯೇ ಹಿಂಪಡೆಯಿತು. ಆದರೂ 2025ರ ಏಪ್ರಿಲ್‌ನಲ್ಲಿ ಟರ್ಮಿನಲ್ ನಡೆಯತೊಡಗಿತು. ಒಂದು ಸಾಲ ತಪ್ಪಿದರೂ ಲಂಕಾದ ಖಜಾನೆಗೆ ಬಿಸಿ ತಟ್ಟಲಿಲ್ಲ.

---

ಕಡಲತಡಿ

ಹಾಗಾದರೆ ಕೇಣಿಗೆ ಹಂಬನ್‌ತೋಟದ ಹೋಲಿಕೆ ಸರಿಯಲ್ಲ ಅಂತೀರಾ?

---

ಫೀಡರ್ ಲೈನ್

ಸಾಲದ ಮಟ್ಟಿಗೆ ಹೋಲಿಕೆ ಕೂಡುವುದಿಲ್ಲ. ಅದು ಜೆಎಸ್‌ಡಬ್ಲ್ಯೂಗೆ ಕೊಟ್ಟ ಗುತ್ತಿಗೆ, 2023ರಲ್ಲಿ ಹೇಳಿದ ವೆಚ್ಚ 4,119 ಕೋಟಿ, ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯ, ಹಣ ಹೂಡುವುದು ಕಂಪನಿ. ಉಕ್ಕಿನ ಕಾರ್ಖಾನೆಯ ಕಲ್ಲಿದ್ದಲು, ಅದಿರು ಇರುವುದರಿಂದ ಸರಕಿಲ್ಲದ ಬಂದರು ಎಂಬ ಮಾತೂ ಇಲ್ಲ.

ಅಲ್ಲಿನ ಮೀನುಗಾರರು ಕೇಳುತ್ತಿರುವುದು ಬೇರೆಯೇ: ಧಕ್ಕೆ ಎಲ್ಲಿ, ದೋಣಿ ಎಳೆಯುವ ದಂಡೆ ಎಷ್ಟು ಉಳಿಯುತ್ತೆ, ಗೋಡೆ ಕಟ್ಟಿದ ಮೇಲೆ ಕಡಲು ಯಾವ ಕಡೆಯ ಮರಳು ಕೊರೆಯುತ್ತೆ. ಅದಕ್ಕೆ ಉತ್ತರ ಸಾಲದ ಪತ್ರದಲ್ಲಿ ಸಿಗುವುದಿಲ್ಲ, ಪರಿಸರ ಪರಿಣಾಮ ವರದಿಯ ಕರಾವಳಿ ಬದಲಾವಣೆಯ ಅಧ್ಯಾಯದಲ್ಲಿ ಇರಬೇಕು. ಮಾದರಿ ಲೆಕ್ಕಕ್ಕೆ ಮಳೆಗಾಲದ ಅಲೆಯ ಅಳತೆ ಬಳಸಿದ್ದಾರೋ, ಬರೀ ಬೇಸಿಗೆಯದ್ದೋ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಳತೆ ಇಲ್ಲದಿದ್ದರೆ ಸಾರ್ವಜನಿಕ ಅಹವಾಲಿನಲ್ಲಿ ಬರಹದಲ್ಲಿ ಆಕ್ಷೇಪ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.