‘ತಲ್ಲುರುತಿಟ್’: ಗದ್ದವೋ, ಗಲ್ಲವೋ?

ಮಕ್ಕಳಿಗಾಗಿ ಭೂಗೋಳದ ಬರಹವೊಂದನ್ನು ಸಿದ್ಧಪಡಿಸುವಾಗ ಎದುರಾದ ತೊಡಕೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಕೆನಡಾದ ಉತ್ತರದ ನುನಾವುಟ್‌ನಲ್ಲಿರುವ ಡೆವನ್ ದ್ವೀಪದ ವಿಸ್ತೀರ್ಣ ಸುಮಾರು 55,000 ಚದರ ಕಿ.ಮೀ., ಎಂದರೆ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚು. ಜನವಸತಿಯಿಲ್ಲದ ದ್ವೀಪಗಳಲ್ಲಿ ಇದು ಜಗತ್ತಿಗೇ ದೊಡ್ಡದು. ಇಂಗ್ಲೆಂಡಿನ ಡೆವನ್ ಸೀಮೆಯ ಹೆಸರು ಇದಕ್ಕೆ ಬಂದದ್ದು 1819–20ರ ವಿಲಿಯಂ ಎಡ್ವರ್ಡ್ ಪ್ಯಾರಿಯ ನೌಕಾಯಾನದಿಂದ. ಆ ಸೀಮೆಯ ಮೂಲನಿವಾಸಿಗಳಾದ ಇನುಯಿಟ್ ಜನ ಮಾತ್ರ ಇದನ್ನು ತಲ್ಲುರುತಿಟ್ ಎನ್ನುತ್ತಾರೆ. ಅವರ ಭಾಷೆಯಲ್ಲಿ ‘ತಲ್ಲು’ ಎಂದರೆ ಕೆಳದುಟಿಯ ಕೆಳಗಿನ ಭಾಗ. ಅಲ್ಲಿ ಹೆಂಗಸರು ಹಾಕಿಸಿಕೊಳ್ಳುವ ಹಚ್ಚೆಯ ಗೆರೆಗಳೇ ತಲ್ಲುರುತಿಟ್. ದೂರದಿಂದ ನೋಡಿದವರ ಕಣ್ಣಿಗೆ ದ್ವೀಪದ ಕಡಿದಾದ ಅಂಚಿನಲ್ಲಿ ಇಳಿದುಬಂದ ಕೊರಕಲುಗಳು ಆ ಗೆರೆಗಳಂತೆಯೇ ಕಂಡಿವೆ.

ನಾನು ‘ಗದ್ದದ ಹಚ್ಚೆ’ ಎಂದು ಬರೆದೆ. ಓದಿದ ಗೆಳೆಯರೊಬ್ಬರು ‘ಗಲ್ಲದ ಹಚ್ಚೆ’ ಎಂದು ತಿದ್ದಿದರು. ನನ್ನ ಕಿವಿಗೆ ಗಲ್ಲವೆಂದರೆ ಕೆನ್ನೆ. ಗಲ್ಲಕ್ಕೆ ಅರಿಶಿನ ಹಚ್ಚಿದರು ಎಂದರೆ ಎರಡೂ ಕೆನ್ನೆಗಳು ಕಣ್ಣಿಗೆ ಬರುತ್ತವೆ. ಅವರಿಗಾದರೋ ಮಗುವಿನ ಗಲ್ಲ ಹಿಡಿದೆತ್ತುವುದು ಎಂದರೆ ತುಟಿಯ ಕೆಳಗೆ ಬೆರಳಿಟ್ಟು ಮುಖವನ್ನು ಮೇಲೆತ್ತುವುದೇ. ನನ್ನ ಅಜ್ಜಿಗೆ ಅದೇ ಜಾಗದಲ್ಲಿ ಮೂರು ಹಸಿರು ಚುಕ್ಕೆಗಳಿದ್ದವು, ಅದನ್ನು ಮನೆಯವರೆಲ್ಲ ‘ಗದ್ದದ ಹಚ್ಚೆ’ ಎಂದೇ ಕರೆಯುತ್ತಿದ್ದರು. ನನ್ನ ಒಲವಿಗೆ ಅದೂ ಒಂದು ಕಾರಣ. ‘ಗದ್ದ’ ಅಚ್ಚಿನಲ್ಲಿ ‘ಗಡ್ಡ’ವಾದರೆ ಹೆಸರಿನ ಅರ್ಥವೇ ಕೆಡುತ್ತದೆಂಬ ಅಂಜಿಕೆಯೂ ಇದೆ.

ತೊಡಕಿನ ಇನ್ನೊಂದು ಪದ, ಜನವಸತಿಯಿಲ್ಲದ ದ್ವೀಪಕ್ಕೆ ಬಳಸಬಹುದಾದ ‘ನಿರ್ಜನ’. ಮನುಷ್ಯರ ಸುಳಿವೇ ಇಲ್ಲದ ಜಾಗವೆಂಬ ಧ್ವನಿ ಅದಕ್ಕಿದೆ. ಆದರೆ ಈ ದ್ವೀಪದಲ್ಲಿ ಇನುಯಿಟರ ಪೂರ್ವಿಕರ ಮನೆಗಳ ಕುರುಹುಗಳಿವೆ. ದಕ್ಷಿಣ ತೀರದ ಡಂಡಾಸ್ ಹಾರ್ಬರ್‌ನಲ್ಲಿ 1924ರಲ್ಲಿ ಪೊಲೀಸ್ ಠಾಣೆ ತೆರೆಯಿತು. 1934ರಲ್ಲಿ ಬ್ಯಾಫಿನ್ ದ್ವೀಪದಿಂದ ಇನುಯಿಟ್ ಕುಟುಂಬಗಳನ್ನು ಅಲ್ಲಿಗೆ ಕರೆತಂದರು, ಎರಡು ವರ್ಷಗಳಲ್ಲಿ ಅವರು ಅಲ್ಲಿಂದ ಹೊರಟರು. ಈಗಲೂ ಬೇಸಿಗೆಯಲ್ಲಿ ವಿಜ್ಞಾನಿಗಳು ಇಪ್ಪತ್ತು ಕಿ.ಮೀ.ಗೂ ಅಗಲವಾದ ಹಾಟನ್ ಉಲ್ಕಾಕುಳಿಯ ಬಳಿ ಬಿಡಾರ ಹೂಡಿ, ಮಂಗಳಗ್ರಹದ ಕೆಲಸಕ್ಕೆ ಬೇಕಾದ ಅಭ್ಯಾಸ ನಡೆಸುತ್ತಾರೆ. ಹೀಗಿರುವಾಗ ‘ನಿರ್ಜನ’ ಎನ್ನುವುದು ಅಲ್ಲಿ ಬಾಳಿದವರನ್ನು ಅಳಿಸಿದಂತೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕಂದಾಯ ದಾಖಲೆಗಳಲ್ಲಿ, ಊರಿನ ಹೆಸರು ಉಳಿದು ಒಕ್ಕಲು ಉಳಿಯದ ಗ್ರಾಮಕ್ಕೆ ‘ಬೇಚರಾಕ್’ ಎನ್ನುತ್ತಾರೆ. ದೀಪವಿಲ್ಲದ್ದು ಎಂಬುದು ಅದರ ಮೂಲಾರ್ಥ. ದ್ವೀಪಕ್ಕೆ ಈ ಪದ ಒಗ್ಗುತ್ತದೆಯೇ, ಅಥವಾ ‘ಜನವಸತಿಯಿಲ್ಲದ’ ಎಂದೇ ಇರಲಿಯೇ? ಗದ್ದ, ಗಲ್ಲಗಳ ಬಗ್ಗೆ ಉತ್ತರಿಸುವವರು ತಮ್ಮ ಸೀಮೆ ಯಾವುದೆಂದು ತಿಳಿಸಿದರೆ ಉಪಕಾರವಾಗುತ್ತದೆ.