ಎಲ್‌ಎಂ3886 ಸ್ಟೀರಿಯೊ ಕಿಟ್‌ಗೆ ಯಾವ ಟ್ರಾನ್ಸ್‌ಫಾರ್ಮರ್? 12-0-12 ಸಾಕಾ, 24-0-24 ಬೇಕಾ?

ಕಿಟ್‌ಪೆಟ್ಟಿಗೆ:
ಎರಡು ಎಲ್‌ಎಂ3886 ಆಂಪ್ಲಿಫೈಯರ್ ಐಸಿ ಇರುವ ಸ್ಟೀರಿಯೊ ಬೋರ್ಡು. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಬೋರ್ಡಿನಲ್ಲೇ ಇದೆ, ಪ್ಲಸ್ಸಿಗೊಂದು ಮೈನಸ್ಸಿಗೊಂದು 4700 ಮೈಕ್ರೊಫ್ಯಾರಡ್, 50 ವೋಲ್ಟ್ ಕೆಪಾಸಿಟರ್. ಟರ್ಮಿನಲ್ ಪಕ್ಕ ‘ಎಸಿ 28-0-28 ವರೆಗೆ’ ಅಂತ ಪ್ರಿಂಟ್ ಮಾಡಿದ್ದಾರೆ. ಸದ್ಯ ಕೈಯಲ್ಲಿರೋದು 12-0-12, 5 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಒಂದು, 24 ವೋಲ್ಟ್ 6 ಆಂಪಿಯರ್ ಎಸ್‌ಎಂಪಿಎಸ್ (ಡಿಸಿ ಕೊಡುವ ಪವರ್ ಸಪ್ಲೈ) ಒಂದು. ಸ್ಪೀಕರ್ ಈಗ 8 ಓಮ್, ಮುಂದೆ 4 ಓಮ್ ಹಾಕೋ ಯೋಚನೆ ಇದೆ. ಇರೋದರಲ್ಲೇ ಆಗುತ್ತಾ, ಹೊಸದು ತಗೊಳ್ಳೋದಾದರೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್?

ತಾಮ್ರತಂತಿ:
ಮೊದಲು ಆ 28-0-28 ಅನ್ನೋ ಪ್ರಿಂಟ್ ಮರೆತುಬಿಡಿ. ಎಸಿ 28ನ್ನು 1.414ರಿಂದ ಗುಣಿಸಿದರೆ ಕೆಪಾಸಿಟರಿನಲ್ಲಿ ಸಿಗೋ ಡಿಸಿ, 39.6 ವೋಲ್ಟ್. ಆದರೆ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರೋದು ಪೂರ್ತಿ ಲೋಡಿನ ವೋಲ್ಟೇಜು. ಲೋಡ್ ಇಲ್ಲದಾಗ ಅದು 6-10% ಏರುತ್ತೆ, ಮೇನ್ಸ್ (ಮನೆಯ 230 ವೋಲ್ಟ್) 10% ಜಾಸ್ತಿ ಬಂದರೆ ಇನ್ನೂ ಏರುತ್ತೆ. ಎರಡೂ ಸೇರಿದರೆ ಒಂದೊಂದು ರೈಲು (ಪ್ಲಸ್ ಅಥವಾ ಮೈನಸ್ ಡಿಸಿ ಸಪ್ಲೈ ಲೈನು) 46 ದಾಟುತ್ತೆ, ಎರಡೂ ರೈಲು ಕೂಡಿಸಿದರೆ 92ರ ಮೇಲೆ. ಈ ಐಸಿಯ ಮಿತಿ ಸಿಗ್ನಲ್ ಇದ್ದಾಗ 84, ಇಲ್ಲದಾಗ 94 ವೋಲ್ಟ್. ಅಂಚಿನಲ್ಲೇ ನಿಂತ ಹಾಗೆ.

ವೋಲ್ಟೇಜ್ ತೀರ್ಮಾನ ಮಾಡೋದು ಸ್ಪೀಕರ್, ಬೋರ್ಡಲ್ಲ. ಐಸಿಯೊಳಗೆ ಸುಡುವ ಶಾಖದ ಗರಿಷ್ಠ ಲೆಕ್ಕ ಹೀಗೆ: ಒಟ್ಟು ವೋಲ್ಟೇಜಿನ ವರ್ಗವನ್ನು, 19.7 ಮತ್ತು ಓಮ್‌ನ ಗುಣಲಬ್ಧದಿಂದ ಭಾಗಿಸಿ. 24-0-24 ಹಾಕಿದರೆ ರೈಲು ಸುಮಾರು ±33. 8 ಓಮ್‌ಗೆ ಒಂದು ಐಸಿ 28 ವ್ಯಾಟ್ ಬಿಸಿ ಉಗುಳುತ್ತೆ, ಒಳ್ಳೆ ಹೀಟ್‌ಸಿಂಕ್ ಇದ್ದರೆ ತಡೆಯುತ್ತೆ. ಅದೇ ರೈಲಿಗೆ 4 ಓಮ್ ಕಟ್ಟಿದರೆ 55 ವ್ಯಾಟ್. ಆಗ ಐಸಿಯ ಒಳಗಿನ ರಕ್ಷಣೆ ಎಚ್ಚರಾಗಿ ಬೇಸ್ ಬಂದಾಗೆಲ್ಲ ಸ್ಪೀಕರಿನಲ್ಲಿ ಪಟಪಟ ಅನ್ನುತ್ತೆ. ಜನ ಅದನ್ನ ನಕಲಿ ಐಸಿ ಅಂದ್ಕೊಂಡು ಬದಲಾಯಿಸ್ತಾ ಕೂರ್ತಾರೆ.

4 ಓಮ್ ಯೋಚನೆ ಇರೋದರಿಂದ 20-0-20 ತಗೊಳ್ಳಿ. ರೈಲು ±27 ಆಸುಪಾಸು, ಮೇನ್ಸ್ ಏರಿದರೂ 34 ದಾಟಲ್ಲ. 8 ಓಮ್‌ಗೆ 30-35 ವ್ಯಾಟ್, 4 ಓಮ್‌ಗೆ ಸುಮಾರು 60. 24-0-24 ಹಾಕಿದ್ದರೆ 8 ಓಮ್‌ಗೆ 50 ಬರ್ತಿತ್ತು ನಿಜ, ಆದರೆ ಆ ವ್ಯತ್ಯಾಸ ಬರೀ 2 ಡೆಸಿಬೆಲ್. ಕಿವಿಗೆ ಅಷ್ಟೇನೂ ಗೊತ್ತಾಗಲ್ಲ.

ಆಂಪಿಯರ್: 20-0-20, 5 ಆಂಪಿಯರ್ ಅಂದರೆ 40 ಗುಣಿಸು 5, 200 ವಿಎ. ಎರಡು ಚಾನಲ್‌ಗೆ ಸಾಕು. ಕೆಪಾಸಿಟರ್ ತುಂಬಿಸುವ ಸರ್ಕ್ಯೂಟಿನಲ್ಲಿ 5 ಆಂಪಿಯರ್ ಎಸಿ ಇದ್ದರೆ ನಿರಂತರ ಡಿಸಿ ಸಿಗೋದು 3ರ ಸುತ್ತ ಮಾತ್ರ ಅನ್ನೋದು ನೆನಪಿರಲಿ. ಸಂಗೀತ ನಿರಂತರ ಪೂರ್ತಿ ಪವರ್ ಕೇಳಲ್ಲ, ಅದಕ್ಕೇ ನಡೆಯುತ್ತೆ. 8 ಓಮ್ ಮಾತ್ರ ಆದರೆ 160 ವಿಎ ಸಾಕು.

ಓಮ್‌ಲೆಕ್ಕ:
ಇರೋದರಲ್ಲೇ ಪರೀಕ್ಷೆ ಮಾಡೋದಾದರೆ 12-0-12 ಕೂಡ ನಡೆಯುತ್ತೆ. ರೈಲು ±16, 8 ಓಮ್‌ಗೆ 10 ವ್ಯಾಟ್. ಆದರೆ ಇಲ್ಲಿ ಒಂದು ಸಿಕ್ಕು ಇದೆ. ಐಸಿಯ 8ನೇ ಪಿನ್ ಮ್ಯೂಟ್. ಅದರಿಂದ ಮೈನಸ್ ರೈಲಿಗೆ ಕನಿಷ್ಠ 0.5 ಮಿಲಿಆಂಪಿಯರ್ ಹರಿಯದಿದ್ದರೆ ಐಸಿ ಬಾಯಿ ಬಿಡಲ್ಲ. ನಿಮ್ಮ ಬೋರ್ಡಿನಲ್ಲಿ ಆ ದಾರಿಗೆ 33ಕೆ (33 ಕಿಲೊಓಮ್) ರೆಸಿಸ್ಟರ್ ಇದ್ದರೆ, 16ರಲ್ಲಿ 2.6 ಕಳೆದು 33ಕೆಯಿಂದ ಭಾಗಿಸಿ: 0.41 ಮಿಲಿಆಂಪಿಯರ್. ಸಾಲಲ್ಲ, ಸದ್ದೇ ಬರಲ್ಲ. 22ಕೆ ಹಾಕಿದರೆ 0.6 ಬರುತ್ತೆ. ±27 ರೈಲಿಗೆ 33ಕೆ ಸರಿಯಾಗೇ ಇದೆ.

ಒಂದೇ 24 ವೋಲ್ಟ್ ಎಸ್‌ಎಂಪಿಎಸ್ ಈ ಬೋರ್ಡಿಗೆ ಆಗಲ್ಲ. ಎರಡು ರೆಸಿಸ್ಟರ್ ಇಟ್ಟು ನಡುವೆ ಸೊನ್ನೆ ಮಾಡೋ ಉಪಾಯ ಬೇಡ. ಸ್ಪೀಕರಿನ ಕರೆಂಟು ಪೂರ್ತಿ ಆ ನಡುಬಿಂದುವಿನಿಂದಲೇ ಹೋಗಬೇಕು, ರೆಸಿಸ್ಟರ್ ಅದನ್ನ ಹಿಡಿದಿಡಲ್ಲ. ಇಂಥದ್ದೇ ಇನ್ನೊಂದು ತಂದು ಸೀರೀಸ್ ಮಾಡಬಹುದು: ಒಂದರ ಪ್ಲಸ್, ಇನ್ನೊಂದರ ಮೈನಸ್ ಸೇರಿದ ಜಾಗ ಸೊನ್ನೆ. ಮೊದಲು ಪ್ಲಗ್ ಕಿತ್ತು, ಔಟ್‌ಪುಟ್ ಮೈನಸ್‌ಗೂ ಅರ್ತ್ ಪಿನ್ನಿಗೂ ಮಲ್ಟಿಮೀಟರ್ ಬೀಪ್ ಅನ್ನುತ್ತಾ ನೋಡಿ. ಎರಡರಲ್ಲೂ ಬೀಪ್ ಬಂದರೆ ಕೈಬಿಡಿ, ಸೀರೀಸ್ ಮಾಡಿದ ಕ್ಷಣ ಕೆಳಗಿನದು ಅರ್ತ್ ಮೂಲಕ ಶಾರ್ಟ್. ದೊಡ್ಡ ಕೆಪಾಸಿಟರ್ ತುಂಬಿಸೋಕೆ ಹೋಗಿ ಕೆಲವು ಎಸ್‌ಎಂಪಿಎಸ್ ಟಿಕ್ ಟಿಕ್ ಅಂತ ಆನ್-ಆಫ್ ಆಗ್ತಾ ಇರುತ್ವೆ, ಅದೂ ಒಂದು ತಲೆನೋವು.

ಹಳೇಬೆಸುಗೆ:
ವೋಲ್ಟೇಜ್ ಲೆಕ್ಕ ಒಪ್ಪಿದೆ. ಆದರೆ ಕಿಟ್ ಕಟ್ಟಿದವರು ಆಮೇಲೆ ಕೇಳೋದು ‘ಗುಂಯ್ ಅನ್ನುತ್ತೆ’ ಅಂತ, ಅದಕ್ಕೆ ವಿಎ ಹೆಚ್ಚಿಸೋದು ಮದ್ದಲ್ಲ.

4700ರ ಕೆಪಾಸಿಟರ್ ಕಡಿಮೆ ಆಯ್ತು. 2 ಆಂಪಿಯರ್ ಎಳೆದರೆ 50 ಹರ್ಟ್ಸ್ ಮೇನ್ಸ್‌ನಲ್ಲಿ ರೈಲು 4 ವೋಲ್ಟ್ ಹತ್ತಿರ ಕುಣಿಯುತ್ತೆ. 10000 ಇದ್ದರೆ 2 ವೋಲ್ಟ್. ರೈಲಿಗೊಂದು 10000, 50 ವೋಲ್ಟ್ ಹೊರಗೆ ಹಾಕಿ. 35 ವೋಲ್ಟಿನದು ಬೇಡ, ಮೇನ್ಸ್ ಏರಿದಾಗ ಅಂಚಿಗೆ ಬರುತ್ತೆ. 22000 ಮೇಲೆ ಹೋಗೋದು ದುಡ್ಡು ದಂಡ. ಬ್ರಿಡ್ಜ್ ಕೂಡ ಹೊರಗಿನದೇ ಇರಲಿ, ಕೆಬಿಪಿಸಿ2504 ಥರದ್ದು, ಷಾಸಿಗೆ (ಲೋಹದ ಡಬ್ಬಕ್ಕೆ) ಬಿಗಿದು.

ಈಗ ಮುಖ್ಯ ಮಾತು. ಸೆಂಟರ್ ಟ್ಯಾಪ್ (ಟ್ರಾನ್ಸ್‌ಫಾರ್ಮರಿನ ನಡುವಿನ 0) ತಂತಿ ನೇರ ಎರಡು ಕೆಪಾಸಿಟರ್ ಕೂಡುವ ಜಾಗಕ್ಕೆ ಹೋಗಲಿ. ಅಲ್ಲಿಂದ 3-4 ಸೆಂಟಿಮೀಟರ್ ದಪ್ಪ ತಂತಿ ಎಳೆದು, ಅದರ ತುದಿಯಲ್ಲಿ ಸ್ಪೀಕರ್ ಗ್ರೌಂಡ್, ಬೋರ್ಡ್ ಗ್ರೌಂಡ್ ಸೇರಿಸಿ. ಕೆಪಾಸಿಟರ್ ತುಂಬುವಾಗ ಕರೆಂಟು ಚಿಮ್ಮಿ ಚಿಮ್ಮಿ ಬರುತ್ತೆ. ಆ ದಾರಿಯಲ್ಲೇ ಸಿಗ್ನಲ್ ಗ್ರೌಂಡ್ ಕೂಡಿಸಿದರೆ 100 ಹರ್ಟ್ಸ್ ಗುಂಯ್ ಖಾತ್ರಿ.

ಮೊದಲ ಸಲ ಆನ್ ಮಾಡುವಾಗ ಪ್ರೈಮರಿಗೆ (ಮೇನ್ಸ್ ಕಡೆಯ ಸುರುಳಿಗೆ) ಸೀರೀಸ್‌ನಲ್ಲಿ 60 ವ್ಯಾಟ್ ಫಿಲಮೆಂಟ್ ಬಲ್ಬ್ ಇರಲಿ, ಎಲ್‌ಇಡಿ ಅಲ್ಲ. ಝಗ್ ಅಂತ ಹತ್ತಿ ಮಂಕಾಗಬೇಕು. ಉರೀತಾನೇ ಇದ್ದರೆ ತಕ್ಷಣ ಕಿತ್ತು ಕೆಪಾಸಿಟರ್ ತಿರುಗುಮುರುಗಾಗಿದೆಯಾ ನೋಡಿ. ಸ್ಪೀಕರ್ ಜೋಡಿಸೋ ಮುಂಚೆ ಔಟ್‌ಪುಟ್ಟಿನ ಡಿಸಿ ಅಳೆಯಿರಿ, 100 ಮಿಲಿವೋಲ್ಟ್ ದಾಟಿದರೆ ಸ್ಪೀಕರ್ ಮುಟ್ಟಬೇಡಿ. ರೈಲಿಗೊಂದು 2.2ಕೆ, 1 ವ್ಯಾಟ್ ರೆಸಿಸ್ಟರ್ ಅಡ್ಡ ಹಾಕಿದರೆ ಆಫ್ ಮಾಡಿದ ಒಂದೆರಡು ನಿಮಿಷದಲ್ಲಿ ಖಾಲಿ ಆಗುತ್ತೆ.

ಕಿಟ್‌ಪೆಟ್ಟಿಗೆ:
20-0-20, 200 ವಿಎ ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ತಗೊಳ್ತೀನಿ. ಸಿಗ್ತಿರೋದರಲ್ಲಿ ಸೆಂಟರ್ ಟ್ಯಾಪ್ ಇಲ್ಲ, 0-20, 0-20 ಅಂತ ನಾಲ್ಕು ತಂತಿ. ಫ್ಯೂಸ್ ಎಷ್ಟು?

ತಾಮ್ರತಂತಿ:
ಒಂದರ 20ನ್ನು ಇನ್ನೊಂದರ 0ಗೆ ಸೇರಿಸಿ, ಅದೇ ಸೆಂಟರ್ ಟ್ಯಾಪ್. ಬ್ರಿಡ್ಜಿಗೆ ಕೊಡೋ ಮುಂಚೆ ಉಳಿದ ಎರಡು ತುದಿ ಅಳೆಯಿರಿ: 40ರ ಮೇಲೆ ತೋರಿಸಿದರೆ ಸರಿ, ಸೊನ್ನೆ ಬಂದರೆ ಒಂದು ಸುರುಳಿ ತಿರುವಿ. ಫ್ಯೂಸ್ 230 ವೋಲ್ಟ್‌ಗೆ 1.6 ಆಂಪಿಯರ್ ಸ್ಲೋ-ಬ್ಲೋ, ಪ್ರೈಮರಿಯಲ್ಲಿ. ಸಾಮಾನ್ಯ ಫ್ಯೂಸ್ ಆನ್ ಮಾಡಿದಾಗಲೇ ಹೋಗುತ್ತೆ.

ಹಳೇಬೆಸುಗೆ:
ಟೊರಾಯ್ಡ್ ಅಂದಮೇಲೆ ಇದೊಂದು: ನಡುವಿನ ಬೋಲ್ಟಿನ ಮೇಲ್ತುದಿ ಡಬ್ಬದ ಮುಚ್ಚಳಕ್ಕೆ ತಾಗಬಾರದು. ತಳದಲ್ಲೂ ಮೇಲೂ ಲೋಹ ಕೂಡಿದರೆ ಆ ಬೋಲ್ಟು, ಷಾಸಿ ಎಲ್ಲ ಸೇರಿ ಒಂದು ಸುತ್ತಿನ ಶಾರ್ಟ್ ಸೆಕೆಂಡರಿ ಆಗುತ್ತೆ. ಫ್ಯೂಸ್ ಹೋಗುತ್ತೆ, ಎಲ್ಲಿ ಹುಡುಕಿದರೂ ತಪ್ಪು ಸಿಗಲ್ಲ, ಮುಚ್ಚಳ ತೆಗೆದರೆ ಎಲ್ಲಾ ಸರಿ ಕಾಣುತ್ತೆ. 1 ಸೆಂಟಿಮೀಟರ್ ಖಾಲಿ ಜಾಗ ಬಿಡಿ.