ಅಪ್‌ಡೇಟ್: ಆರ್‌ಸಿ (ರಿಮೋಟ್ ಕಂಟ್ರೋಲ್) ಟ್ರಕ್ ಓಡ್ತಿದೆ, ತೊಂದರೆ ಇದ್ದಿದ್ದು ಪಿನಿಯನ್‌ನಲ್ಲಿ (ಮೋಟರ್ ಶಾಫ್ಟ್‌ನ ಪುಟ್ಟ ಗೇರ್)

ಹೋದ ವಾರ ಕೇಳಿದ್ದೆ: ನನ್ನ ಮೊದಲ 1/10 ಅಳತೆಯ ಟ್ರಕ್‌ನಲ್ಲಿ ಥ್ರಾಟಲ್ ಒತ್ತಿದರೆ ಮೋಟರ್ ಕಿರ್ರ್ ಅಂತ ತಿರುಗುತ್ತೆ, ಚಕ್ರ ಮಾತ್ರ ಅಲ್ಲಾಡಲ್ಲ, ಏನು ಮಾಡಲಿ ಅಂತ. ಈಗ ಸರಿಹೋಗಿದೆ!

ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಕ್ಯಾಲಿಬ್ರೇಟ್ ಮಾಡಿದೆ, ಏನೂ ಬದಲಾಗಲಿಲ್ಲ. ಸ್ಲಿಪ್ಪರ್ ಕ್ಲಚ್ (ಜಾಸ್ತಿ ಒತ್ತಡ ಬಿದ್ದಾಗ ಜಾರಿ ಗೇರ್ ಕಾಯುವ ಭಾಗ) ಬಿಗಿ ಮಾಡಿದರೂ ಅಷ್ಟೇ. "ಪಿನಿಯನ್ ನೋಡಿ" ಅಂದವರ ಮಾತೇ ನಿಜ. ಗೇರ್ ಕವರ್ ಬಿಚ್ಚಿ ಬೆರಳಲ್ಲಿ ತಿರುಗಿಸಿದರೆ ಪಿನಿಯನ್ ಶಾಫ್ಟ್ ಮೇಲೆ ಸುಮ್ನೆ ಗಿರಗಿರ ಸುತ್ತುತ್ತಿತ್ತು. ಅದನ್ನ ಶಾಫ್ಟ್‌ಗೆ ಹಿಡಿದಿಡುವ ಪುಟ್ಟ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಸಡಿಲವಾಗಿತ್ತು. ಪಿನಿಯನ್ ಪಕ್ಕಕ್ಕೆ ಸರಿದು, ಅದು ತಿರುಗಿಸುವ ದೊಡ್ಡ ಸ್ಪರ್ ಗೇರ್‌ನ ಪ್ಲಾಸ್ಟಿಕ್ ಹಲ್ಲುಗಳನ್ನೂ ಒಂದು ಅಂಚಲ್ಲಿ ತಿಂದುಹಾಕಿತ್ತು.

ಹೊಸ ಸ್ಪರ್ ಹಾಕಿದೆ. ಸ್ಕ್ರೂ ಶಾಫ್ಟ್‌ನ ಚಪ್ಪಟೆ ಭಾಗದ ಮೇಲೇ ಕೂರಬೇಕು, ಇದು ಗೊತ್ತಿರಲಿಲ್ಲ. ಒಂದು ತೊಟ್ಟು ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿ ಮಾಡಿದೆ. ಅದನ್ನ ಲೋಹಕ್ಕೆ ಲೋಹ ಕೂಡುವ ಕಡೆ ಮಾತ್ರ ಹಾಕಿ, ಪ್ಲಾಸ್ಟಿಕ್‌ಗೆ ತಾಗಿದರೆ ಬಿರುಕು ಬಿಡಬಹುದು. ಎರಡು ಗೇರ್ ನಡುವೆ ನೋಟ್‌ಬುಕ್ ಹಾಳೆಯ ಪಟ್ಟಿ ಇಟ್ಟು ಒತ್ತಿ, ಮೋಟರ್ ಬಿಗಿ ಮಾಡಿ, ಆಮೇಲೆ ಗೇರ್ ತಿರುಗಿಸಿ ಪಟ್ಟಿ ಹೊರಗೆ ತೆಗೆದೆ. ಹರಿಯದೆ, ನೆರಿಗೆ ನೆರಿಗೆಯಾಗಿ ಬಂತು. ಅಂತರ ಸರಿಯಿದೆ ಅಂತ ಅರ್ಥ.

ಇನ್ನೊಂದು ವಿಷಯ. ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನ ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಇಡ್ತಿದ್ದೆ, ಒಂದು ಪ್ಯಾಕ್ ಸ್ವಲ್ಪ ಊದಿಕೊಂಡಿದೆ. ಅದನ್ನ ಇನ್ನು ಬಳಸಲ್ಲ. ಓಡಿಸದ ದಿನಗಳಲ್ಲಿ ಚಾರ್ಜರ್‌ನ ಸ್ಟೋರೇಜ್ ಮೋಡ್‌ನಲ್ಲಿ, ಸೆಲ್‌ಗೆ 3.8 ವೋಲ್ಟ್ ಹತ್ತಿರ ಇಡಿ. ಪಿನಿಯನ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್!